ಅಣ್ಣ ಬರದಂತೆ ಒಂದು ವಿಮೆ

ನಮ್ಮ ಕಾರು ದಾರಿಯಲ್ಲಿ ಕೆಟ್ಟು ನಿಂತರೆ ನಾವು ಬಾನೆಟ್ ಎತ್ತಿ ನೋಡುವುದಿಲ್ಲ, ಅಣ್ಣನಿಗೆ ಫೋನ್ ಮಾಡುತ್ತೇವೆ. ಇದು ಮೊದಲಿನಿಂದ ಹೀಗೇ ನಡೆದುಕೊಂಡು ಬಂದಿದೆ. ರಾಯಚೂರಿನಿಂದ ಈ ಊರಿಗೆ ಮೊದಲು ಬಂದವನು ಅವನು. ಅವನ ಬೆನ್ನು ಹಿಡಿದು ನಾನು ಬಂದೆ, ನನ್ನ ಗಂಡ ಬಂದರು, ಚಿಕ್ಕಪ್ಪನ ಮಕ್ಕಳು ಬಂದರು. ಯಾರಿಗೆ ಬಾಡಿಗೆ ಮನೆ ಬೇಕಾದರೂ, ಗ್ಯಾಸ್ ಸಿಲಿಂಡರ್ ಬೇಕಾದರೂ, ರಾತ್ರೋರಾತ್ರಿ ಊರಿಗೆ ಹೊರಡಲು ಬಸ್ಸಿನಲ್ಲಿ ಸೀಟು ಬೇಕಾದರೂ ಹಲಸೂರಿನ ಅವನ ಮನೆಗೇ ಮೊದಲ ಫೋನ್ ಹೋಗುತ್ತಿತ್ತು. ನಾನು ಕಾರು ಕೊಂಡ ಮೇಲೆ ಕಾರಿನ ಉಸಾಬರಿಯೂ ಅವನ ತಲೆಗೇ ಬಿತ್ತು.

ಅಣ್ಣನಿಗೆ ಕಾರಿನ ಬಗ್ಗೆ ಏನಾದರೂ ಗೊತ್ತೇ ಎಂದು ಕೇಳಿದರೆ, ಏನೂ ಗೊತ್ತಿಲ್ಲ. ಓಡಿಸಲೂ ಬರುವುದಿಲ್ಲ. ಕಾರ್ಖಾನೆಯೊಂದರ ಕ್ಯಾಂಟೀನಿನ ಮೇಲ್ವಿಚಾರಕನಾಗಿ ನಿವೃತ್ತನಾದವನು ಅವನು. ಫೋನ್ ಹೋದರೆ ಸ್ಕೂಟರ್ ಏರಿ ಬರುತ್ತಿದ್ದ. ನನ್ನ ಕಾರಿನ ಮುಂದೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ಬಾನೆಟ್ ಎತ್ತಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸಾರು ಕುದಿಯಿತೋ ಇಲ್ಲವೋ ನೋಡುವವನ ಹಾಗೆ ಎಂಜಿನ್ ನೋಡುತ್ತಿದ್ದ. ಆಮೇಲೆ "ಬ್ಯಾಟರಿ" ಎನ್ನುತ್ತಿದ್ದ. ಒಮ್ಮೆ ಪೆಟ್ರೋಲ್ ಮುಗಿದು ನಿಂತಾಗಲೂ ಬ್ಯಾಟರಿ ಎಂದೇ ಹೇಳಿದ್ದ. ಹೇಳಿದ ಮೇಲೆ ಶಿವಾಜಿನಗರದ ತನ್ನ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿ, ತನಗೆ ಬರುವ ಅಷ್ಟಿಷ್ಟು ಉರ್ದುವಿನಲ್ಲಿ ಕರೆಸಿ, ಅವನು ಬರುವವರೆಗೂ ನನಗೆ ಚಹಾ ಕುಡಿಸುತ್ತಿದ್ದ.

ಇದರಿಂದ ನನಗೇನು ಉಪಯೋಗವಾಗುತ್ತಿತ್ತು ಎಂದು ನನ್ನ ಗಂಡ ಎಷ್ಟೋ ಸಲ ಕೇಳಿದ್ದಾರೆ. ಅವರಿಗೆ ಡ್ರೈವಿಂಗ್ ಬರುವುದಿಲ್ಲ, ಮೆಟ್ರೋದಲ್ಲಿ ಆಫೀಸಿಗೆ ಹೋಗಿ ಬರುವವರು. ನಡುರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತ ಹೆಂಗಸಿಗೆ ಈ ಊರು ಏನೇನು ಅನ್ನುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು. ಅಣ್ಣ ಬಂದು ನಿಂತ ಮೇಲೆ ಹಾರ್ನ್ ಹೊಡೆಯುವವರೆಲ್ಲ ನನ್ನನ್ನು ಬಿಟ್ಟು ಅವನನ್ನು ಬೈಯುತ್ತಿದ್ದರು. ಅವನು ಕೈಯೆತ್ತಿ "ಹೋಗ್ರೀ, ಹೋಗ್ರೀ" ಎನ್ನುತ್ತಿದ್ದ. ನನಗೆ ಬೇಕಾಗಿದ್ದದ್ದು ಅಷ್ಟೇ.

ಹೋದ ವರ್ಷ ಒಂದು ಮಧ್ಯಾಹ್ನ ವೈನಿ ಫೋನ್ ಮಾಡಿದಳು. ಅಣ್ಣನ ಹೆಂಡತಿ ಹಾಗೆ ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ಶಾಲೆಯ ಸ್ಟಾಫ್ ರೂಮಿನಿಂದ ಎದ್ದು ಹೊರಗೆ ಬಂದು ಮಾತಾಡಿದೆ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ನೋಟದ ನಟ್ಟನಡುವೆ ಮಸುಕು ಬಂದಿದೆ, ಸುತ್ತಲಿನದು ಕಾಣುತ್ತದೆ, ಎದುರಿನದೇ ಕಾಣುವುದಿಲ್ಲ, ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರಂತೆ.

"ಹೇಳಿದಂಗ ಕೇಳ್ಯಾರವಾ," ಎಂದಳು ವೈನಿ. "ಸಂತಿಗೆ ನಡಕೋತ ಹೋಗ್ತಾರ, ಗುಡಿಗೆ ನಡಕೋತ ಹೋಗ್ತಾರ. ನಿನ್ನ ಫೋನ್ ಬಂದ್ರ ಅಷ್ಟೇ ನೋಡು, ಸ್ಕೂಟರ್ ಕೀಲಿ ತಗೋತಾರ. ನಾ ಬಾಗಲಾಗ ಅಡ್ಡ ನಿಂತ್ರ ನನ್ನ ಸರಿಸಿ ಹೋಗ್ತಾರ."

ಹಿಂದಿನ ವಾರವಷ್ಟೇ ಇಂದಿರಾನಗರದ ಸಿಗ್ನಲ್ಲಿನಲ್ಲಿ ನನ್ನ ಕಾರು ನಿಂತು ಅವನು ಬಂದಿದ್ದ. ಹಿಂತಿರುಗಿ ಹೋಗುವಾಗ, ನಿಂತಿದ್ದ ಆಟೋಗೆ ಹೋಗಿ ಗುದ್ದಿದ್ದನಂತೆ. "ಮೊಣಕಾಲು ಕೆತ್ತ್ಯದ. ನಿನಗ ಹೇಳಬ್ಯಾಡ ಅಂದಾರ. ನಿನ್ನ ಕೈ ಮುಗೀತೀನಿ, ಅವರನ್ನ ಕರೀಬ್ಯಾಡ." ವೈನಿಯ ಬಾಯಲ್ಲಿ ಕೈ ಮುಗೀತೀನಿ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಅವತ್ತು ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

"ಕರೀಬ್ಯಾಡ ಅಂದ್ರ ಕರೀದಿದ್ರಾತು," ಎಂದರು ನನ್ನ ಗಂಡ. ಅವರಿಗೆ ಎಲ್ಲವೂ ಅಷ್ಟು ಸಲೀಸು. ನಾನು ಅದನ್ನೂ ಮಾಡಿ ನೋಡಿದೆ. ಮುಂದಿನ ಸಲ ಸಿ.ವಿ. ರಾಮನ್ ನಗರದ ಹತ್ತಿರ ಕಾರು ನಿಂತಾಗ ಅಣ್ಣನಿಗೆ ಹೇಳದೆ ನೇರವಾಗಿ ಶಿವಾಜಿನಗರದ ಮೆಕ್ಯಾನಿಕ್‌ಗೇ ಫೋನ್ ಮಾಡಿದೆ. ಆ ಪುಣ್ಯಾತ್ಮ ನನ್ನ ಫೋನ್ ಇಟ್ಟ ತಕ್ಷಣ ಮಾಡಿದ ಮೊದಲ ಕೆಲಸ ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದು. "ಭಾಯ್ ಸಾಬ್ ಇಲ್ದೇ ಹೆಂಗೆ ಬರೋದಮ್ಮಾ" ಎಂದು ಆಮೇಲೆ ನನಗೇ ಹೇಳಿದ. ಅವನಿಗಿಂತ ಮೊದಲೇ ಅಣ್ಣ ಸ್ಕೂಟರಿನಲ್ಲಿ ಬಂದು ನಿಂತಿದ್ದ. ಬಂದವನು ಎಂಜಿನ್ ಕಡೆ ನೋಡಲಿಲ್ಲ. "ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದ. ಚಹಾ ಕುಡಿಸುವುದನ್ನೂ ಮರೆತು ಹೋದ.

ಹಾಗಾಗಿ ನನಗೆ ಬೇಕಾಗಿದ್ದದ್ದು ಅಣ್ಣನ ಪರಿಚಯವೇ ಇಲ್ಲದ ಒಬ್ಬ ಮೆಕ್ಯಾನಿಕ್. ಈ ಊರಿನ ಪೂರ್ವಭಾಗದಲ್ಲಿ ಅಂಥವನನ್ನು ಹುಡುಕುವುದು ಸುಲಭವಲ್ಲ. ಅಷ್ಟರಲ್ಲಿ ಕಾರಿನ ವಿಮೆಯ ಅವಧಿ ಮುಗಿಯುತ್ತ ಬಂದಿತ್ತು. ವಿಮೆಯ ಜೊತೆಗೆ, ಗಾಡಿ ದಾರಿಯಲ್ಲಿ ಕೆಟ್ಟರೆ ಬಂದು ಸರಿಮಾಡುವ ಇಲ್ಲವೇ ಎತ್ತಿಕೊಂಡು ಹೋಗುವ ರೋಡ್‌ಸೈಡ್ ಸೇವೆಯನ್ನೂ ಸೇರಿಸಿಕೊಳ್ಳಬಹುದು ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅಲ್ಲಿಯವರೆಗೆ ವಿಮೆಯೂ ಅಣ್ಣನ ಖಾತೆಯ ಕೆಲಸವೇ ಆಗಿತ್ತು. ಶಿವಾಜಿನಗರದಲ್ಲಿ ಬಿಡಿಭಾಗಗಳ ಅಂಗಡಿಗಳ ನಡುವೆ ಒಬ್ಬ ಏಜೆಂಟರ ಪುಟ್ಟ ಆಫೀಸಿದೆ. ವರ್ಷಕ್ಕೊಮ್ಮೆ ಅಣ್ಣ ಅಲ್ಲಿಗೆ ಹೋಗಿ, ಅವರೊಂದಿಗೆ ಊರ ಸುದ್ದಿಯೆಲ್ಲ ಮಾತಾಡಿ, ಪಾಲಿಸಿ ಮಾಡಿಸಿಕೊಂಡು ಬಂದು ನನ್ನ ಕೈಗೆ ಕೊಡುತ್ತಿದ್ದ. ನಾನು ಅದನ್ನು ಮಡಚಿ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತಿದ್ದೆ. ಅದರಲ್ಲಿ ಏನು ಬರೆದಿದೆ ಎಂದು ಒಂದು ಸಲವಾದರೂ ಓದಿದ್ದರೆ ಕೇಳಿ. ಈಗ ಆ ಏಜೆಂಟರ ಬಳಿ ಹೋಗುವಂತಿರಲಿಲ್ಲ. ಹೋದರೆ ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಹಲಸೂರು ಮುಟ್ಟುತ್ತಿತ್ತು. ಈ ವರ್ಷ ಶಾಲೆಯಲ್ಲಿ ಯಾರೋ ಗೊತ್ತಿರುವವರು ಮಾಡಿಕೊಡುತ್ತಾರಂತೆ ಎಂದು ಅಣ್ಣನಿಗೆ ಒಂದು ಸುಳ್ಳು ಹೇಳಿದೆ. ಅವನು "ಆಗಲಿ" ಎಂದ. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಇನ್ನಷ್ಟು ಕಸಿವಿಸಿಯಾಯಿತು.

ಆನ್‌ಲೈನಿನಲ್ಲಿ ಹುಡುಕಲು ಶುರುಮಾಡಿದೆ. ಬೇರೆ ಬೇರೆ ಕಂಪನಿಗಳ ಪಾಲಿಸಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ವೆಬ್‌ಸೈಟೊಂದಕ್ಕೆ ನಂಬರ್ ಕೊಟ್ಟು ಕೆಟ್ಟೆ. ಕೊಟ್ಟ ಮರುಗಳಿಗೆಯಿಂದ ಫೋನುಗಳು ಬರಲಾರಂಭಿಸಿದವು. ಪಾಠ ಮಾಡುವಾಗ, ಸ್ನಾನಕ್ಕೆ ಹೋದಾಗ, ರೊಟ್ಟಿ ಬಡಿಯುವಾಗ, ಒಬ್ಬಳು ಮುಗಿಸಿದರೆ ಇನ್ನೊಬ್ಬ. ಎಲ್ಲರೂ ಅತಿ ವಿನಯದವರು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕಾರು ನಿಂತರೆ ಖಂಡಿತ ಬರುತ್ತೀರಾ? ಅವರು ಬೇರೆಲ್ಲ ಹೇಳುತ್ತಿದ್ದರು, ಇದೊಂದನ್ನು ಬಿಟ್ಟು.

ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. "ಮೇಡಂ, ಬೇರೆ ಏನಾದ್ರೂ ಬಿಡಿ, ಎಂಜಿನ್ ಕವರ್ ಮಾತ್ರ ತಗೊಳ್ಳಿ, ಹೊರಮಾವು ಅಂಡರ್‌ಪಾಸ್‌ನಲ್ಲಿ ನೀರು ನಿಂತ್ರೆ ಗೊತ್ತಾಗುತ್ತೆ," ಎಂದರು ಗಣಿತದವರು. ನಮ್ಮ ಅಪಾರ್ಟ್‌ಮೆಂಟ್ ಇರುವುದೇ ಹೊರಮಾವಿನಲ್ಲಾದ್ದರಿಂದ ಅದನ್ನೂ ತಲೆಗೆ ಹಾಕಿಕೊಂಡೆ. ಬಂಪರ್ ಒಡೆದರೆ ಸವಕಳಿ ಕಳೆಯದೆ ಪೂರ್ತಿ ಕೊಡುವ ಪಾಲಿಸಿಯೇ ಪಾಲಿಸಿ ಎಂದರು ಇನ್ನೊಬ್ಬರು. ನನ್ನ ಕಾರಿಗೆ ವಯಸ್ಸಾಗಿದೆ, ಅದು ಸಿಗುವುದಿಲ್ಲ ಎಂದು ಫೋನಿನ ಹುಡುಗಿ ಎಷ್ಟು ನಯವಾಗಿ ಹೇಳಿದಳೆಂದರೆ ನನ್ನ ವಯಸ್ಸನ್ನೇ ಎತ್ತಿ ಆಡಿದಂತಾಯಿತು.

ನನಗೆ ಬಂಪರ್ ಹಾಳಾಗಿ ಹೋಗಲಿ ಎನ್ನಿಸಿತ್ತು. ನಾನು ಓದುತ್ತಿದ್ದದ್ದು ರೋಡ್‌ಸೈಡ್ ಸೇವೆಯ ಕೆಳಗಿನ ಸಣ್ಣಕ್ಷರಗಳನ್ನು ಮಾತ್ರ. ವರ್ಷಕ್ಕೆ ಇಷ್ಟೇ ಸಲ ಬರುತ್ತಾರೆ. ಇಷ್ಟು ದೂರದವರೆಗೆ ಮಾತ್ರ ಎಳೆದುಕೊಂಡು ಹೋಗುತ್ತಾರೆ. ಟೈರ್ ಪಂಚರ್ ಆದರೆ ಬದಲಿಸುತ್ತಾರೆ, ಆದರೆ ಸ್ಟೆಪ್ನಿ ನಿಮ್ಮ ಬಳಿ ಇರಬೇಕು. ಪೆಟ್ರೋಲ್ ಮುಗಿದರೆ ತಂದುಕೊಡುತ್ತಾರೆ, ಪೆಟ್ರೋಲಿನ ದುಡ್ಡು ನಿಮ್ಮದು. ರಸ್ತೆಯ ಸ್ಥಿತಿಗತಿಗೆ ಅನುಸಾರವಾಗಿ ತಡವಾಗಬಹುದು. ಈ ಕೊನೆಯದನ್ನು ಓದಿ ನಗು ಬಂತು. ಕೆ.ಆರ್. ಪುರದ ಕಡೆ ರಸ್ತೆಗೆ ಸ್ಥಿತಿ ಉಂಟು, ಗತಿ ಎಲ್ಲಿದೆ.

ಒಂದೊಂದು ಷರತ್ತು ಓದುವಾಗಲೂ ಅಣ್ಣ ಸ್ಕೂಟರ್ ಏರುವುದೇ ಕಣ್ಣ ಮುಂದೆ ಬರುತ್ತಿತ್ತು. ವರ್ಷಕ್ಕೆ ಇಷ್ಟೇ ಸಲ ಎಂದಿದ್ದರೆ, ಅದರ ಮುಂದಿನ ಸಲ ಅವನು ಹೊರಡುತ್ತಾನೆ. ತಡವಾಗಬಹುದು ಎಂದಿದ್ದರೆ, ಆ ತಡದಲ್ಲಿ ಅವನು ಬಂದುಬಿಡುತ್ತಾನೆ. ನಾನು ಪಾಲಿಸಿ ನೋಡುತ್ತಿರಲಿಲ್ಲ, ಅವನು ಎಲ್ಲಿಂದ ನುಸುಳಬಹುದು ಎಂದು ಸಂದುಗಳನ್ನು ನೋಡುತ್ತಿದ್ದೆ. ಗಂಡ ಟಿವಿಯ ಮುಂದೆ ಕೂತು, "ಲಗ್ನಕ್ಕ ವರ ನೋಡಬೇಕಾದ್ರೂ ಇಷ್ಟು ನೋಡಿರಲಿಲ್ಲ ನೀ," ಎಂದರು. "ನೋಡಿದ್ರ ಗೊತ್ತಾಗ್ತಿತ್ತು," ಎಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಕೊನೆಗೆ ಒಂದನ್ನು ಆರಿಸಿದೆ. ಸೇವೆಗೆ ಸಲಗಳ ಮಿತಿಯಿಲ್ಲ, ಹಗಲು ರಾತ್ರಿ ಯಾವಾಗ ಕರೆದರೂ ಬರುತ್ತಾರೆ, ಅಲ್ಲೇ ಸರಿಯಾಗದಿದ್ದರೆ ಲಾರಿಯ ಮೇಲೆ ಹೇರಿಕೊಂಡು ಗ್ಯಾರೇಜಿಗೆ ಒಯ್ಯುತ್ತಾರೆ. ಕಾರಿನ ನಂಬರ್ ಹಾಕಿದ ಕೂಡಲೇ ವೆಬ್‌ಸೈಟು ಹಳೆಯ ಪಾಲಿಸಿಯಿಂದ ಎಲ್ಲವನ್ನೂ ತಾನೇ ಎತ್ತಿ ತಂದು ತುಂಬಿಸಿತು. ನನ್ನ ಹೆಸರು, ವಿಳಾಸ, ಎಂಜಿನ್ನಿನ ನಂಬರು. ಮೊಬೈಲ್ ನಂಬರಿನ ಜಾಗದಲ್ಲಿ ಬರೀ ಚುಕ್ಕಿಗಳು, ಕೊನೆಯ ಎರಡು ಅಂಕಿ ಮಾತ್ರ ಬಯಲಿಗೆ. ವಿವರಗಳೆಲ್ಲ ಸರಿಯಿವೆಯೇ ಎಂದು ಕೇಳಿತು. ಸರಿಯಿವೆ ಎಂದು ಒತ್ತಿದೆ. ಪಾಲಿಸಿ ನನ್ನ ಇಮೇಲಿಗೆ ಬಂತು. ಎಷ್ಟೋ ದಿನಗಳ ಮೇಲೆ ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ.

ಕೆಲವು ವಾರಗಳು ಕಾರು ಚೆನ್ನಾಗಿಯೇ ಓಡಿತು. ನನ್ನ ಚಡಪಡಿಕೆ ಮಾತ್ರ ನಿಲ್ಲಲಿಲ್ಲ. ನಿಲ್ಲುವುದಾದರೆ ಒಮ್ಮೆ ನಿಂತು ಬಿಡಬಾರದೇ, ಈ ಸೇವೆ ಬರುತ್ತದೋ ಇಲ್ಲವೋ ಗೊತ್ತಾಗಿಬಿಡಲಿ ಎಂದು ಎಷ್ಟೋ ಸಲ ಅನ್ನಿಸಿತು.

ನಿಂತಿತು. ಶಾಲೆ ಬಿಟ್ಟು ಮನೆಗೆ ಹೊರಟಿದ್ದೆ. ಹಳೇ ಮದ್ರಾಸು ರಸ್ತೆಯಲ್ಲಿ, ಇನ್ನೇನು ಟಿನ್ ಫ್ಯಾಕ್ಟರಿ ದಾಟಬೇಕು ಎನ್ನುವಾಗ ಎಂಜಿನ್ ಒಮ್ಮೆ ಕೆಮ್ಮಿ ಆರಿತು. ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಒತ್ತಿದರು. ಟ್ರಾಫಿಕ್ ಪೊಲೀಸಿನವರು ಬಂದು, "ಏನ್ ಮೇಡಂ, ಇಲ್ಲೇ ಬೇಕಿತ್ತಾ ನಿಮ್ಗೆ?" ಎಂದು ಗದರಿ, ಇಬ್ಬರು ಆಟೋದವರನ್ನು ಕರೆದು ಕಾರನ್ನು ಅಂಚಿಗೆ ತಳ್ಳಿಸಿದರು. ನನಗೆ ಕೈಕಾಲು ನಡುಗಬೇಕಾಗಿತ್ತು, ಆದರೆ ಒಳಗೊಳಗೇ ಒಂದು ಬಗೆಯ ಹುರುಪು. ಪಾಲಿಸಿಯಲ್ಲಿದ್ದ ಸಹಾಯವಾಣಿಗೆ ಫೋನ್ ಮಾಡಿದೆ. ಜಾಗ ಕೇಳಿದರು, ಕಾರಿನ ನಂಬರ್ ಕೇಳಿದರು, ಗಾಡಿ ಕಳಿಸುತ್ತೇವೆ ಎಂದರು. ಕಳಿಸಿಯೂ ಬಿಟ್ಟರು. ಹಳದಿ ಲಾರಿಯೊಂದು ಆ ಜಂಜಾಟದೊಳಗೆ ದಾರಿ ಮಾಡಿಕೊಂಡು ಬಂದು ನನ್ನ ಕಾರಿನ ಮುಂದೆ ನಿಂತಾಗ ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅಣ್ಣನಿಗೆ ಒಂದಕ್ಷರವೂ ಗೊತ್ತಿಲ್ಲ, ಅವನು ಹಲಸೂರಿನಲ್ಲಿ ನೆಮ್ಮದಿಯಾಗಿ ಮನೆಯಲ್ಲಿದ್ದಾನೆ.

ಲಾರಿಯವನು ಸ್ಟಾರ್ಟ್ ಮಾಡಿ ನೋಡಿದ, ತಲೆಯಾಡಿಸಿದ. "ಎತ್ಕೊಂಡು ಹೋಗ್ಬೇಕು ಮೇಡಂ. ಓಟಿಪಿ ಹೇಳಿ."

"ಯಾವ ಓಟಿಪಿ?"

"ನಿಮ್ ಮೊಬೈಲ್‌ಗೆ ಬಂದಿರುತ್ತಲ್ಲ. ಅದು ಹಾಕಿದ್ರೇನೇ ನಾನು ಗಾಡಿ ಮುಟ್ಟೋಕಾಗೋದು."

ಫೋನ್ ತೆಗೆದು ನೋಡಿದೆ. ಏನೂ ಬಂದಿರಲಿಲ್ಲ. ಸಹಾಯವಾಣಿಗೆ ಮತ್ತೆ ಫೋನ್ ಮಾಡಿದೆ. ನೋಂದಾಯಿತ ಮೊಬೈಲಿಗೆ ಕಳಿಸಿದ್ದೇವೆ ಎಂದಳು ಆ ಹುಡುಗಿ. ಕೊನೆಯ ಎರಡು ಅಂಕಿ ಹೇಳಿದಳು. ಅದು ಅಣ್ಣನ ನಂಬರು. ಮೊದಲ ಪಾಲಿಸಿ ಮಾಡಿಸುವಾಗ ಶಿವಾಜಿನಗರದ ಏಜೆಂಟರು ಕೇಳಿದ್ದಕ್ಕೆ ಅವನು ತನ್ನದೇ ನಂಬರ್ ಕೊಟ್ಟಿದ್ದಾನೆ. ಇನ್ಯಾರದನ್ನು ಕೊಡಬೇಕು, ಕಾರು ಕೆಟ್ಟರೆ ಹೋಗುವವನು ಅವನೇ ತಾನೇ. ಅದೇ ನಂಬರು ವರ್ಷದಿಂದ ವರ್ಷಕ್ಕೆ ಪಾಲಿಸಿಯ ಬೆನ್ನು ಹತ್ತಿ ಬಂದು ಆ ಚುಕ್ಕಿಗಳ ಹಿಂದೆ ಕೂತಿತ್ತು. ಅದಕ್ಕೆ ಸರಿಯಿವೆ ಎಂದು ಒತ್ತಿದವಳು ನಾನು.

ನಂಬರ್ ಬದಲಿಸಿ ಎಂದೆ. ಅದಕ್ಕೆ ಬೇರೆ ಅರ್ಜಿ, ಈಗ ಆಗುವುದಿಲ್ಲ ಎಂದಳು. ಆ ಓಟಿಪಿ ನೀವೇ ಹೇಳಿ ಎಂದೆ. ನಮಗೆ ಕಾಣುವುದಿಲ್ಲ ಮೇಡಂ ಎಂದಳು. ಲಾರಿಯವನು ಗಡಿಯಾರ ನೋಡಿಕೊಂಡ. "ಬೇಗ ಮೇಡಂ, ಹೆಬ್ಬಾಳದಲ್ಲಿ ಇನ್ನೊಂದ್ ಗಾಡಿ ಕಾಯ್ತಿದೆ."

ಯಾರು ಬರಬಾರದೆಂದು ಇಷ್ಟೆಲ್ಲ ಮಾಡಿದೆನೋ ಅವನಿಗೇ ಫೋನ್ ಮಾಡಿದೆ. ಆದಷ್ಟು ಹಗುರವಾಗಿ ಮಾತಾಡಿದೆ.

"ಅಣ್ಣಾ, ನಿನ್ನ ಫೋನಿಗೆ ಒಂದು ಮೆಸೇಜ್ ಬಂದದ ನೋಡು. ಅದರಾಗ ಒಂದು ನಂಬರ್ ಇರ್ತದ, ಅದನ್ನ ಹೇಳು."

"ಗಾಡಿ ನಿಂತದೇನು?"

"ನೀ ನಂಬರ್ ಹೇಳು ಮೊದ್ಲು."

"ಎಲ್ಲಿ ನಿಂತದ?"

"ಟಿನ್ ಫ್ಯಾಕ್ಟರಿ ಹತ್ರ. ನೀ ಬರೋದು ಬ್ಯಾಡ. ಎತ್ತಿಕೊಂಡು ಹೋಗವ್ರು ಬಂದು ನಿಂತಾರ. ಆ ನಂಬರ್ ಹೇಳಿದ್ರ ಮುಗೀತು."

ಫೋನನ್ನು ಕಿವಿಯಿಂದ ತೆಗೆದು ಮತ್ತೆ ಹಿಡಿದ ಸದ್ದಾಯಿತು. ಆಮೇಲೆ, "ಓಟಿಪಿ ಯಾರಿಗೂ ಹೇಳಬಾರದು," ಎಂದ.

"ನಾ ನಿನ್ನ ತಂಗಿ!"

"ಯಾರಿಗೂ ಅಂದ್ರ ಯಾರಿಗೂ. ದಿನಾ ಟಿವ್ಯಾಗ ಬಡಕೋತಾರ. ನಾನೇ ತರ್ತೀನಿ. ನೀ ಅಲ್ಲೇ ಇರು."

"ಅಣ್ಣಾ, ಬ್ಯಾಡ," ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದ.

ಏನಾಯಿತು ಎಂದು ಲಾರಿಯವನು ಕೇಳಿದ. ಓಟಿಪಿ ತರುತ್ತಾರಂತೆ ಎಂದೆ. "ತರ್ತಾರಾ? ಓಟಿಪಿನಾ?" ಎಂದು ಅವನು ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿಲ್ಲವೆಂದು ತಿಳಿದ ಮೇಲೆ ಲಾರಿಯ ಬಾಗಿಲು ತೆಗೆದು ಒಳಗೆ ಕೂತು ಬೀಡಿ ಹಚ್ಚಿದ.

ತಿರುಗಿ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಸ್ಕೂಟರ್ ಓಡಿಸುವಾಗ ಅವನು ಫೋನ್ ಎತ್ತುವುದಿಲ್ಲ. ಈಗ ಎತ್ತುತ್ತಿಲ್ಲವೆಂದರೆ ಸ್ಕೂಟರ್ ಮೇಲಿದ್ದಾನೆ ಎಂದೇ ಅರ್ಥ. ವೈನಿಗೆ ಮಾಡಿದೆ. ಅವಳು ಸೋಮೇಶ್ವರನ ಗುಡಿಯಲ್ಲಿದ್ದಳು, ಗಂಟೆಯ ಸದ್ದಿನ ನಡುವೆ ನನ್ನ ಮಾತು ಅವಳಿಗೆ ತಿಳಿಯಲು ಕೂಗಬೇಕಾಯಿತು. ಬೇಗ ಮನೆಗೆ ಹೋಗು, ಕೀಲಿ ಇದೆಯಾ ನೋಡು ಎಂದು ಕೂಗಿದೆ. ಓಡಿದಳೆಂದು ತೋರುತ್ತದೆ. ಅವಳು ಮತ್ತೆ ಫೋನ್ ಮಾಡಿದಾಗ ಏದುಸಿರಿತ್ತು. "ಕೀಲಿ ಇಲ್ಲವಾ. ಸ್ಕೂಟರೂ ಇಲ್ಲ." ಯಾಕೆ ಕರೆದೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹಲಸೂರಿನಿಂದ ಅಲ್ಲಿಗೆ ಬರುವ ದಾರಿ ನನಗೆ ಅಂಗೈಯಷ್ಟು ಪರಿಚಿತ. ಯಾವ ತಿರುವಿನಲ್ಲಿ ಬಸ್ಸುಗಳು ಅಡ್ಡ ನುಗ್ಗುತ್ತವೆ, ಎಲ್ಲಿ ಜನ ಡಿವೈಡರ್ ಹಾರಿ ದಾಟುತ್ತಾರೆ, ಎಲ್ಲಿ ರಸ್ತೆ ಅಗೆದು ಬಿಟ್ಟಿದ್ದಾರೆ, ಒಂದೊಂದಾಗಿ ನೆನಪಾಗುತ್ತ ಹೋಯಿತು. ಒಂದೊಂದು ಜಾಗದಲ್ಲೂ ಅವನನ್ನು ಬೀಳಿಸಿ ನೋಡಿದೆ. ಕಾರಿನೊಳಗೆ ಕೂರಲಾಗದೆ ಹೊರಗೆ ಬಂದೆ, ಹೊರಗೆ ನಿಲ್ಲಲಾಗದೆ ಒಳಗೆ ಹೋದೆ. ಬರುವ ಪ್ರತಿಯೊಂದು ಸ್ಕೂಟರನ್ನೂ ನೋಡಿದೆ. ಬಿಳಿ ಅಂಗಿ ತೊಟ್ಟ ವಯಸ್ಸಾದವರು ಈ ಊರಿನಲ್ಲಿ ಎಷ್ಟು ಜನ ಸ್ಕೂಟರ್ ಓಡಿಸುತ್ತಾರೆಂದು ಅವತ್ತೇ ಗೊತ್ತಾದದ್ದು. ಆಚೆ ಬದಿಯಲ್ಲಿ ಆಂಬುಲೆನ್ಸೊಂದು ಹಲಸೂರಿನ ದಿಕ್ಕಿಗೆ ಮುಖ ಮಾಡಿ ಸಿಕ್ಕಿಹಾಕಿಕೊಂಡು ಅರಚುತ್ತಿತ್ತು. ಅದರ ಚಾಲಕನನ್ನು ಹಿಡಿದು ಎಲ್ಲಿಗೆ ಹೊರಟಿರಿ ಎಂದು ಕೇಳಬೇಕೆನಿಸಿತು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಕಾರಿನ ಟೈರಿಗೆ ಒದ್ದೆ. ಲಾರಿಯವನು ಇಣುಕಿ ನೋಡಿ ಮುಖ ಒಳಗೆಳೆದುಕೊಂಡ. ಪಾಪ, ಹೆಬ್ಬಾಳದ ಗಾಡಿಯ ಮಾತನ್ನು ಆಮೇಲೆ ಅವನು ಎತ್ತಲಿಲ್ಲ.

"ಬಂದೆ," ಎಂದಿತು ಬೆನ್ನ ಹಿಂದೆ ಒಂದು ಧ್ವನಿ.

ಅಣ್ಣ ನಡೆದುಕೊಂಡು ಬಂದಿದ್ದ. ಮೆಟ್ರೋ ಸ್ಟೇಷನ್ನಿನ ಕಡೆಯಿಂದ, ಫುಟ್‌ಪಾತಿನ ಗೋಡೆಗೆ ಒಂದು ಕೈ ಆನಿಸಿಕೊಂಡು. ಇನ್ನೊಂದು ಕೈಯಲ್ಲಿ ಹೆಲ್ಮೆಟ್ ಇತ್ತು. ಸುಖವಾಗಿದ್ದಾನೆ ಎಂದು ಕಂಡದ್ದೇ ನನ್ನ ಬಾಯಿ ಹರಿಯಿತು.

"ಸ್ಕೂಟರ್ ಎಲ್ಲಿ? ವೈನಿ ಅಲ್ಲಿ ಒದ್ದಾಡಲಿಕ್ಕ ಹತ್ಯಾಳ. ಫೋನ್ ಯಾಕ ಎತ್ತವಲ್ಲಿ? ನಿನಗೇನರ ಆಗಿದ್ರ ನಾ ಯಾರಿಗೆ ಮುಖಾ ತೋರಿಸಬೇಕಿತ್ತು?"

ನಾನು ಮುಗಿಸುವವರೆಗೂ ಕಾದ. "ಸ್ಕೂಟರ್ ನಮ್ಮ ಓಣಿ ಮೂಲಿ ಮ್ಯಾಲಿನ ಹೂವಿನ ಅಂಗಡಿ ಮುಂದ ನಿಲ್ಲಿಸಿ ಮೆಟ್ರೋದಾಗ ಬಂದೀನಿ," ಎಂದ. ಆಮೇಲೆ, "ಸಾಲಿ ಹುಡುಗಿ ಒಂದು ಅಡ್ಡ ಬಂತು. ಎದುರಿಗೇ ಇತ್ತು. ನನಗ ಕಾಣಲಿಲ್ಲ," ಎಂದ.

"ತಾಗಿತೇನು?"

"ಇಲ್ಲ. ಅವರವ್ವ ಎಳಕೊಂಡ್ಳು. ಅವಳು ಬೈದಿದ್ರ ಏನೂ ಅನಿಸ್ತಿರಲಿಲ್ಲ. ನನ್ನ ಮಾರಿ ನೋಡಿ, ಹುಷಾರಾಗಿ ಹೋಗಿ ತಾತ ಅಂದ್ಳು."

ಲಾರಿಯವನು ಇಳಿದು ಬಂದು, "ಸರ್, ಓಟಿಪಿ," ಎಂದ. ಅಣ್ಣ ಅಂಗಿಯ ಜೇಬಿನಿಂದ ಫೋನ್ ತೆಗೆದ. ತೆಗೆದು ಅವನಿಗೆ ಹೇಳಲಿಲ್ಲ, ಪರದೆಯ ಕಡೆ ನೋಡಲೂ ಇಲ್ಲ, ನೇರವಾಗಿ ನನ್ನ ಕೈಗೆ ಕೊಟ್ಟ. "ನೀನೇ ಓದು."

ನನ್ನೊಳಗಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಇದನ್ನ ಫೋನಿನಾಗ ಹೇಳಾಕ ನಿನಗೇನಾಗಿತ್ತು?"

"ಕಂಡಿದ್ರ ಹೇಳ್ತಿದ್ದೆ," ಎಂದ ಅಣ್ಣ.

ನಾನು ಓದಿ ಹೇಳಿದೆ. ಲಾರಿಯವನು ತನ್ನ ಫೋನಿಗೆ ಒತ್ತಿಕೊಂಡ, ಕೆಲಸ ಶುರುವಾಯಿತು. ಆ ಮೆಸೇಜಿನ ಕೆಳಗೆ ಹೊಸ ಪಾಲಿಸಿ ಮಾಡಿಸಿದ ದಿನ ಬಂದ ಮೆಸೇಜೂ ಇತ್ತು, ತೆರೆದೇ ಇರಲಿಲ್ಲ. ಅದರ ಕೆಳಗೆ ನಾನು ಕಳಿಸಿದವು, ಚಿಕ್ಕಪ್ಪನ ಮಕ್ಕಳು ಕಳಿಸಿದವು, ತಿಂಗಳುಗಟ್ಟಲೆಯವು, ಒಂದನ್ನೂ ತೆರೆದಿರಲಿಲ್ಲ. ಅವನು ಮೆಸೇಜಿಗೆ ಉತ್ತರ ಬರೆಯುವ ಬದಲು ಫೋನೇ ಮಾಡುತ್ತಿದ್ದ. ಹಳೇ ಕಾಲದವನು, ಮಾತಾಡಿದರೇ ಸಮಾಧಾನ ಎಂದು ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಫೋನನ್ನು ಅವನ ಜೇಬಿಗೆ ಇಟ್ಟೆ. ಅವನ ಕಣ್ಣು ಇಷ್ಟು ಹೋಗಿದೆಯೆಂದು ವೈನಿಗೂ ಗೊತ್ತಿರಲಿಲ್ಲ.

ವೈನಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ. "ಏನಾಗಿಲ್ಲ, ಬರ್ತೀನಿ," ಎಂದಷ್ಟೇ ಹೇಳಿ ಇಟ್ಟ. ಕಾರು ಮೆಲ್ಲಗೆ ಲಾರಿಯ ಮೇಲೆ ಏರುತ್ತಿತ್ತು. ಅವನು ಆ ಕಡೆ ಮುಖ ಮಾಡಿ ನಿಂತಿದ್ದ, ಎಷ್ಟು ಕಾಣುತ್ತಿತ್ತೋ ತಿಳಿಯದು. "ಚಲೋ ಎತ್ತತಾನ," ಎಂದ.

ಕಾರನ್ನು ಗ್ಯಾರೇಜಿಗೆ ಕಳಿಸಿ ನಾನು ಅವನ ಜೊತೆ ಮೆಟ್ರೋದ ಕಡೆ ನಡೆದೆ. ಹೆಲ್ಮೆಟ್ ನಾನು ತೆಗೆದುಕೊಂಡೆ. ಮೊಣಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ. ಮೆಟ್ಟಿಲ ಹತ್ತಿರ ಬಂದಾಗ ನಿಂತ.

"ಆ ಕಂಪನಿಯವರ ಹತ್ರ ನಿನ್ನ ನಂಬರ್ ಹಾಕಿಸು. ನಂದು ತೆಗಿ."

"ಹೂಂ."

"ಆದ್ರ ಗಾಡಿ ನಿಂತ್ರ ನನಗ ಹೇಳು."

"ಹೇಳಿದ್ರ ನೀ ಬರ್ತಿ."

"ಬರಂಗಿಲ್ಲ. ಅವ್ರು ಬರೋತನಕ ಫೋನ್ ಇಡಬ್ಯಾಡ ಅಷ್ಟೇ. ಸ್ಪೀಕರಿಗೆ ಹಾಕು. ಹಾರ್ನ್ ಹೊಡಿಯವರಿಗೆ ನಾ ಮಾತಾಡ್ತೀನಿ."